ಒಲೆಯ ಮುಂದಿನ ಟೊಳ್ಳು

ಸೊಂಟದ ಕೀಲು ಬದಲಾಯಿಸಿಕೊಂಡು ಬಂದ ಮನುಷ್ಯ ಮನೆಯಲ್ಲಿ ತೆಪ್ಪಗೆ ಇರಬೇಕು ತಾನೇ? ರಸಮಟ್ಟ ಇರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಗಳಿಗೆಯಿಂದ ಅವನಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಕೋಲು ಊರಿಕೊಂಡು ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ, ಅಲ್ಲಿಂದ ಮತ್ತೆ ನಡುಮನೆಗೆ. ಕಿಟಕಿ ತೆರೆಯುತ್ತಿದ್ದ, ಗಾಳಿ ಜಾಸ್ತಿಯಾಯಿತೆಂದು ಮುಚ್ಚುತ್ತಿದ್ದ, ಸೆಕೆ ಎಂದು ಮತ್ತೆ ತೆರೆಯುತ್ತಿದ್ದ. ಗೋಡೆ ಗಡಿಯಾರ ಕೂದಲಷ್ಟು ವಾಲಿದೆ ಎಂದು ಹೆಂಡತಿಯನ್ನು ಸ್ಟೂಲು ಹತ್ತಿಸುತ್ತಿದ್ದ. ಅವಳು ಸರಿ ಮಾಡಿ ಇಳಿದ ಮೇಲೆ, ಇಲ್ಲ, ಮೊದಲೇ ಸರಿ ಇತ್ತು ಅನ್ನುತ್ತಿದ್ದ. ಆಪರೇಷನ್ ಆಗಿದ್ದು ಅವನಿಗೆ, ಸುಸ್ತಾಗುತ್ತಿದ್ದದ್ದು ಅವಳಿಗೆ.

ರಸಮಟ್ಟ ಅನ್ನುವುದು ಹೆತ್ತವರು ಇಟ್ಟ ಹೆಸರೇನಲ್ಲ. ಗಾರೆ ಕೆಲಸದವರು ನೆಲ ಸಮ ಇದೆಯೋ ಇಲ್ಲವೋ ನೋಡುವುದಕ್ಕೆ ಒಂದು ಪಟ್ಟಿ ಇಡುತ್ತಾರೆ, ಅದರ ಗಾಜಿನೊಳಗೆ ಗುಳ್ಳೆ ಆ ಕಡೆ ಈ ಕಡೆ ಓಡಾಡುತ್ತದೆ. ಅದಕ್ಕೆ ರಸಮಟ್ಟ ಅಂತಾರೆ. ನೆಲಕ್ಕೆ ಟೈಲ್ಸ್ ಹಾಕುವ ಈ ಮೇಸ್ತ್ರಿಗೆ ಆ ಪಟ್ಟಿಯೇ ಬೇಕಿರಲಿಲ್ಲ, ನೋಡಿದ ಕೂಡಲೇ ಹೇಳುತ್ತಿದ್ದ. ಹೋಟೆಲಿಗೆ ಹೋದರೆ ಮೊದಲು ಮೇಜಿನ ಕಾಲಿನ ಕೆಳಗೆ ಕಾಗದ ಮಡಚಿ ಇಡಬೇಕು, ಆಮೇಲೆ ಚಹಾ. ಜೊತೆಗೆ ಕೆಲಸ ಮಾಡುವವರು ತಮಾಷೆಗೆ ಇಟ್ಟ ಹೆಸರು ಕೊನೆಗೆ ಕಂಟ್ರಾಕ್ಟರುಗಳ ಬಾಯಲ್ಲೂ ಕೂತುಬಿಟ್ಟಿತು.

ಇಷ್ಟು ವರ್ಷ ಕುಕ್ಕರಗಾಲಲ್ಲಿ ಕೂತು ಕೂತು ಎಡಗಡೆಯ ಕೀಲು ಸವೆದು ಹೋಗಿತ್ತು. ಇನ್ನು ಮೇಲೆ ನೆಲದ ಮೇಲೆ ಕೂರುವ ಕೆಲಸ ಮರೆತುಬಿಡಿ ಎಂದು ಡಾಕ್ಟರು ಆಪರೇಷನ್‌ಗೆ ಮುಂಚೆಯೇ ಹೇಳಿದ್ದರು. ರಸಮಟ್ಟ ಆಯ್ತು ಅಂದಿದ್ದ. ಆ ನೋವಿನಲ್ಲಿ ತಲೆ ಕೆಳಗೆ ಮಾಡಿ ನಡೆಯಿರಿ ಅಂದಿದ್ದರೂ ಆಯ್ತು ಅನ್ನುತ್ತಿದ್ದ ಬಿಡಿ. ಈಗ ನೋವು ಹೋಗಿತ್ತು, ಅದರ ಹಿಂದೆಯೇ ಕೊಟ್ಟ ಮಾತೂ ಹೋಗಿತ್ತು. ಡಾಕ್ಟರುಗಳು ಎಲ್ಲರಿಗೂ ಹಾಗೇ ಹೇಳುತ್ತಾರೆ, ಹುಷಾರಾಗಿರಲಿ ಅಂತ ಹೆದರಿಸುತ್ತಾರೆ ಎಂದು ಅವನು ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಕೊಂಡಿದ್ದ.

ಮನೆಯ ತುಂಬ ಕಟ್ಟುಪಾಡು. ತಗ್ಗಿನ ಕುರ್ಚಿಯಲ್ಲಿ ಕೂರಬಾರದು, ಕೆಳಗೆ ಬಿದ್ದದ್ದನ್ನು ಬಗ್ಗಿ ಎತ್ತಿಕೊಳ್ಳಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಬಾರದು, ಮಲಗುವಾಗ ಮೊಣಕಾಲುಗಳ ನಡುವೆ ದಿಂಬು. ಹೆಂಡತಿ ಕುರ್ಚಿಯ ನಾಲ್ಕು ಕಾಲಿಗೂ ಮರದ ತುಂಡು ಕೊಟ್ಟು ಎತ್ತರ ಮಾಡಿಸಿದ್ದಳು. ಅದರ ಮೇಲೆ ಕೂತಾಗ ರಸಮಟ್ಟನಿಗೆ ಮನೆಯ ನೆಲ ಎಲ್ಲೋ ದೂರ ಹೋದ ಹಾಗೆ ಅನ್ನಿಸುತ್ತಿತ್ತು, ಅದಕ್ಕೇ ಎದ್ದು ಓಡಾಡುತ್ತಿದ್ದ.

ವ್ಯಾಯಾಮ ಮಾಡಿಸುವುದಕ್ಕೆ ಆಸ್ಪತ್ರೆಯ ಕಡೆಯಿಂದ ಒಬ್ಬಳು ಫಿಸಿಯೋ ಬರುತ್ತಿದ್ದಳು. ವಯಸ್ಸು ಚಿಕ್ಕದು, ದನಿ ಮೆತ್ತಗೆ, ಆದರೆ ಜಪ್ಪಯ್ಯ ಅಂದರೂ ಬಿಡುವವಳಲ್ಲ. ಏನು ಮಾಡಿದರೂ ಕೊನೆಗೆ ಇನ್ನೊಂದ್ಸಲ ಅನ್ನುತ್ತಿದ್ದಳು. ರಸಮಟ್ಟ ಅವಳಿಗೆ ಆ ಹೆಸರನ್ನೇ ಇಟ್ಟಿದ್ದ. ಬಾಗಿಲು ತಟ್ಟಿದ ಸದ್ದು ಕೇಳಿದರೆ, "ನೋಡೇ, ಇನ್ನೊಂದ್ಸಲ ಬಂದ್ಲು," ಎಂದು ಹೆಂಡತಿಗೆ ಹೇಳುತ್ತಿದ್ದ.

"ಅಂಕಲ್, ಕಾಲು ಪಕ್ಕಕ್ಕೆ ತನ್ನಿ. ನಿಧಾನ. ಹಾಂ. ಇನ್ನೊಂದ್ಸಲ."

"ತಾಯಿ, ಹೀಗೆ ಕಾಲು ಬೀಸ್ತಾ ನಿಂತಿದ್ರೆ ನಾನು ಕೆಲಸಕ್ಕೆ ಹೋಗೋದು ಯಾವಾಗ?"

"ಡಾಕ್ಟರ್ ಹೇಳಿದ್ದು ನೆನಪಿದೆ ತಾನೇ?"

"ನೆನಪಿದೆ. ಆದ್ರೆ ಈಗ ನೋವೇ ಇಲ್ವಲ್ಲ."

"ನೋವಿಲ್ಲ ಅನ್ನೋದು ಬೇರೆ, ಎಲ್ಲದಕ್ಕೂ ಆಗುತ್ತೆ ಅನ್ನೋದು ಬೇರೆ. ಅವಸರ ಮಾಡ್ಬೇಡಿ. ಇನ್ನೊಂದ್ಸಲ."

ಅವಳು ಹೇಳಿದ್ದರಲ್ಲಿ ರಸಮಟ್ಟ ಕಿವಿಗೆ ಹಾಕಿಕೊಂಡದ್ದು ನೋವಿಲ್ಲ ಅನ್ನುವುದಷ್ಟೇ. ಉಳಿದದ್ದು ಕಿಟಕಿಯಿಂದ ಆಚೆ ಹೋಯಿತು.

ಅವನಿಗೆ ಅವಸರ ಇದ್ದದ್ದು ಸುಮ್ಮನೆ ಅಲ್ಲ. ಬಸ್ ನಿಲ್ದಾಣದ ಪಕ್ಕ ಪ್ರಯಾಣಿಕರು ಕಾಯುವುದಕ್ಕೆ ಹೊಸ ಹಾಲ್ ಕಟ್ಟಿದ್ದರು. ಅಷ್ಟು ದೊಡ್ಡ ನೆಲ ರಸಮಟ್ಟನ ಕೈಗೆ ಯಾವತ್ತೂ ಬಂದಿರಲಿಲ್ಲ. ಗೋಡೆ ಏಳುವ ಮುಂಚೆಯೇ ಹೋಗಿ ನೋಡಿಕೊಂಡು ಬಂದಿದ್ದ, ಮೊದಲ ಸಾಲು ಎಲ್ಲಿಂದ ಶುರು ಮಾಡಬೇಕು ಎಂದು ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಲೆಕ್ಕ ಹಾಕಿದ್ದ. ಈಗ ಗೋಡೆ, ಚಾವಣಿ ಎಲ್ಲ ಮುಗಿದು ನೆಲವೊಂದೇ ಬಾಕಿ ಉಳಿದಿತ್ತು. ಕಂಟ್ರಾಕ್ಟರು ಇವತ್ತು ಬರ್ತೀರಾ ನಾಳೆ ಬರ್ತೀರಾ ಎಂದು ಕೇಳಿ ಕೇಳಿ ಬೇಸತ್ತಿದ್ದರು.

ಒಂದು ಸಂಜೆ ಬಾಮೈದ ಬಂದ. ಹೆಂಡತಿಯ ತಮ್ಮ. ಮೀಸೆ ಮೂಡುವ ವಯಸ್ಸಿನಿಂದ ರಸಮಟ್ಟನ ಜೊತೆಗೇ ಕೆಲಸ ಮಾಡಿದವನು, ಈಗ ಅವನ ತಲೆಯಲ್ಲೂ ಬೆಳ್ಳಿ ಕೂದಲು. ಸಿಮೆಂಟು ಕಲಸುವುದು, ಅಂಚಿಗೆ ಬೇಕಾದ ತುಂಡು ಕತ್ತರಿಸುವುದು, ಸಂದು ತುಂಬುವುದು ಅವನ ಪಾಲು. ಸಾಲು ಹಾಕುವುದು ಮಾತ್ರ ಭಾವನದು. ಬೇರೆ ಯಾರು ಹಾಕಿದರೂ ರಸಮಟ್ಟ ಕಿತ್ತು ಮತ್ತೆ ಹಾಕುತ್ತಿದ್ದ, ಹಾಗಾಗಿ ಯಾರೂ ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ.

"ಭಾವ, ಕಂಟ್ರಾಕ್ಟರು ನಾಳೆ ಸಂಜೆಯೊಳಗೆ ಹೇಳ್ಬೇಕು ಅಂತಿದ್ದಾರೆ. ಇಲ್ಲಾಂದ್ರೆ ಬೇರೆ ಮೇಸ್ತ್ರಿನ ನೋಡ್ಕೋತಾರಂತೆ."

"ಇನ್ನೊಂದು ತಿಂಗಳು ತಡ್ಕೊಳ್ಳಿ ಅನ್ನು."

"ಅಂದೆ. ಆಗಲ್ಲ ಅಂದ್ರು." ಬಾಮೈದ ಲೋಟ ತಿರುಗಿಸುತ್ತಾ ಕೂತ. ಆಮೇಲೆ ಲೋಟಕ್ಕೇ ಹೇಳಿದ ಹಾಗೆ, "ನಾನು ಶುರು ಮಾಡಿರ್ಲಾ ಭಾವ? ನೀವು ಆಮೇಲೆ ಬಂದು ನೋಡಿ," ಅಂದ.

"ನೀನಾ?" ಅಂದ ರಸಮಟ್ಟ.

ಅಷ್ಟೇ ಅಂದದ್ದು. ಆದರೆ ಅದನ್ನು ಅಂದ ರೀತಿಗೆ ಬಾಮೈದನ ಮುಖ ಸಣ್ಣದಾಯಿತು. ಅವನು ಚಹಾ ಮುಗಿಸಿ, ಅಕ್ಕನಿಗೆ ಹೇಳಿ, ಹೊರಟುಹೋದ.

ಅಡುಗೆಮನೆಯಲ್ಲಿ ಪಾತ್ರೆ ದಬಾರೆಂದಿತು. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ನಿಂತಳು.

"ಅವನು ಎರಡು ತಿಂಗಳಿಂದ ಬೇರೆಯವರು ಕರೆದ್ರೂ ಹೋಗಿಲ್ಲ, ಗೊತ್ತಾ ನಿಮಗೆ? ಭಾವ ಏಳ್ಲಿ, ಭಾವ ಏಳ್ಲಿ ಅಂತ ಕಾಯ್ತಾ ಕೂತಿದ್ದಾನೆ. ಈ ಕೆಲಸ ಹೋದ್ರೆ ನಿಮ್ಮದೊಂದೇ ಹೋಗಲ್ಲ."

"ನಾನು ಏಳಲ್ಲ ಅಂದ್ನಾ?"

"ಎದ್ದು ಎಲ್ಲಿ ಕೂರ್ತೀರಿ?"

ರಸಮಟ್ಟನಿಗೆ ಪಿತ್ತ ನೆತ್ತಿಗೇರಿತು. ಕೋಲು ಎತ್ತಿಕೊಂಡು ಮತ್ತೆ ಬಚ್ಚಲಿನ ತನಕ ಹೋಗಿ ಬಂದ.

ಮಾರನೆಯ ಬೆಳಿಗ್ಗೆ ಅವನಿಗೊಂದು ಹೊಸ ಹುಚ್ಚು ಹಿಡಿಯಿತು. ಟೈಲ್ಸ್ ಕೆಳಗೆ ಗಾರೆ ತುಂಬಿದೆಯೋ ಇಲ್ಲವೋ ಎಂದು ಸದ್ದಿನಿಂದ ಗೊತ್ತು ಮಾಡುತ್ತಾರೆ. ಮೇಲೆ ಕುಟ್ಟಿದರೆ ಗಟ್ಟಿ ಇದ್ದ ಕಡೆ ಟಕ್ ಅನ್ನುತ್ತದೆ, ಟೊಳ್ಳಿದ್ದ ಕಡೆ ಡೊಬ್ ಅನ್ನುತ್ತದೆ. ಈ ಮನೆಯ ನೆಲ ಅವನೇ ಹಾಕಿದ್ದು. ಹೇಗೂ ಓಡಾಡುತ್ತಿದ್ದೇನಲ್ಲ, ಕುಟ್ಟಿಕೊಂಡೇ ಓಡಾಡೋಣ ಅಂದುಕೊಂಡ. ಆದರೆ ಕೋಲಿನ ತುದಿಯಲ್ಲಿ ರಬ್ಬರ್ ಟೋಪಿ ಇತ್ತು, ಕುಟ್ಟಿದರೆ ಸದ್ದೇ ಬರುತ್ತಿರಲಿಲ್ಲ. ಜಾರದಿರಲಿ ಎಂದು ಹಾಕಿದ್ದ ಆ ಟೋಪಿಯನ್ನು ಇಕ್ಕಳದಲ್ಲಿ ಎಳೆದು ಕಿತ್ತು ಜೇಬಿಗೆ ಹಾಕಿಕೊಂಡ. ಇಂಥ ಕೆಲಸ ಊರಲ್ಲಿ ಇನ್ಯಾರಾದರೂ ಮಾಡಿದ್ದರೆ ಇದೇ ರಸಮಟ್ಟ ಅವರಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದ.

ನಡುಮನೆ ಟಕ್ ಟಕ್. ಮಲಗುವ ಕೋಣೆ ಟಕ್ ಟಕ್. ಅವನ ಮುಖದ ಮೇಲೆ ಎಷ್ಟೋ ವಾರದಿಂದ ಕಾಣದ ಗೆಲುವು. ಅಡುಗೆಮನೆಗೆ ಬಂದ. ಬಾಗಿಲ ಹತ್ತಿರ ಟಕ್, ಕಿಟಕಿ ಕೆಳಗೆ ಟಕ್, ಒಲೆಯ ಕಟ್ಟೆಯ ಮುಂದೆ ಡೊಬ್. ಮತ್ತೆ ಕುಟ್ಟಿದ. ಡೊಬ್.

"ಇದು ಯಾವಾಗಿಂದ?" ಅಂದ ಹೆಂಡತಿಯನ್ನು ನೋಡಿ.

ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಯಾವಾಗಿಂದ ಏನು ಬಂತು, ಮೊದಲಿಂದಲೂ ಹಾಗೇ ಇದೆ. ದಿನಾ ಅದರ ಮೇಲೇ ನಿಂತು ಬೇಯಿಸೋಳು ನಾನು, ನನಗೆ ಗೊತ್ತಿಲ್ವಾ?"

"ಮತ್ತೆ ಹೇಳೋದಲ್ವಾ?"

"ಹೇಳಿದ್ರೆ ಅಡುಗೆಮನೆ ಪೂರ್ತಿ ಕಿತ್ತು ಹಾಕ್ತಿದ್ರಿ. ನಾನು ಬೀದಿಯಲ್ಲಿ ಒಲೆ ಹಚ್ಬೇಕಿತ್ತು."

ಇಡೀ ಊರಿನ ನೆಲಕ್ಕೆ ಹೆಸರಿಟ್ಟವನ ಮನೆಯಲ್ಲೇ ಟೊಳ್ಳು, ಅದೂ ಹೆಂಡತಿಯ ಕಾಲ ಕೆಳಗೆ, ಅದೂ ಇಷ್ಟು ವರ್ಷ. ರಸಮಟ್ಟನಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು. ಒಂದೇ ಒಂದು ಟೈಲು. ಒಂದು ಟೈಲು ಕಿತ್ತು ಹಾಕುವುದಕ್ಕೆ ಆದರೆ ಹಾಲ್ ನೆಲವನ್ನೂ ಹಾಕಬಹುದು, ಸಂಜೆ ಕಂಟ್ರಾಕ್ಟರಿಗೆ ಬರ್ತೀನಿ ಎಂದು ಎದೆ ತಟ್ಟಿ ಹೇಳಬಹುದು. ಆಗದಿದ್ದರೆ ಎಂಬ ಮಾತನ್ನು ಅವನು ತಲೆಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

ಮಧ್ಯಾಹ್ನ ಹೆಂಡತಿ ಮಾತ್ರೆ ತರುವುದಕ್ಕೆ ಹೊರಟಳು. "ಬರೋದು ಸ್ವಲ್ಪ ತಡ ಆಗುತ್ತೆ. ಕುರ್ಚಿ ಬಿಟ್ಟು ಏಳ್ಬೇಡಿ, ನಿಮ್ಮ ದಮ್ಮಯ್ಯ," ಅಂದಳು. ರಸಮಟ್ಟ ತಲೆ ಆಡಿಸಿದ. ಅವಳ ಚಪ್ಪಲಿ ಸದ್ದು ಬೀದಿಗೆ ಇಳಿಯುವ ತನಕ ಕಾದ.

ಮಂಚದ ಕೆಳಗಿನ ಸಾಮಾನಿನ ಚೀಲವನ್ನು ಕೋಲಿನ ಹಿಡಿಯಿಂದ ಎಳೆದ. ಬಗ್ಗದೆಯೇ ಎಳೆದೆ ನೋಡು ಎಂದು ತನಗೆ ತಾನೇ ಶಹಬ್ಬಾಸ್ ಕೊಟ್ಟುಕೊಂಡ. ಚೀಲವನ್ನು ಕೋಲಿನಲ್ಲೇ ತಳ್ಳುತ್ತಾ ತಳ್ಳುತ್ತಾ ಅಡುಗೆಮನೆಗೆ ಸಾಗಿಸಿದ. ಸುತ್ತಿಗೆ, ಉಳಿ ಇದ್ದವು. ಮೂಲೆಯಲ್ಲಿ ಎರಡು ಹಳೆಯ ಟೈಲ್ಸ್ ಒರಗಿಕೊಂಡಿದ್ದವು. ಸಿಮೆಂಟು ಇರಲಿಲ್ಲ, ಅದನ್ನು ಆಮೇಲೆ ನೋಡಿಕೊಳ್ಳೋಣ ಅಂದುಕೊಂಡ. ಒಲೆಯ ಕಟ್ಟೆಯ ಅಂಚನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ಎಡಗಾಲನ್ನು ಮುಂದಕ್ಕೆ ನೀಳವಾಗಿ ಚಾಚಿ, ಬಲಗಾಲಿನ ಮೇಲೆ ಭಾರ ಬಿಟ್ಟು, ಇಂಚಿಂಚೇ ಇಳಿದ. ಬೆನ್ನಲ್ಲಿ ಬೆವರು ಹರಿಯಿತು. ಕುಂಡಿ ನೆಲಕ್ಕೆ ತಾಗಿತು.

ನೋವಿರಲಿಲ್ಲ. ಒಂದು ಚೂರೂ ಇರಲಿಲ್ಲ.

ರಸಮಟ್ಟ ಅಂಗೈಯನ್ನು ನೆಲದ ಮೇಲೆ ಊರಿ ಹಾಗೇ ಕೂತ. ತಣ್ಣಗಿತ್ತು. ಒಲೆಯ ಕಟ್ಟೆಯ ಅಡಿ, ಸಿಲಿಂಡರಿನ ಹಿಂದಿನ ಜೇಡರ ಬಲೆ, ಯಾವತ್ತೋ ಉರುಳಿ ಹೋದ ಒಂದು ಈರುಳ್ಳಿ, ಎಲ್ಲ ಕಂಡವು. ಅವನ ಪಾಲಿಗೆ ಮನೆ ಎಂದರೆ ಈ ಎತ್ತರದಿಂದ ಕಾಣುವುದೇ. ಅವನಿಗೆ ತುಂಬಾ ಸಂತೋಷವಾಯಿತು, ಕಣ್ಣಲ್ಲಿ ನೀರು ಬರುವಷ್ಟು. ಅಷ್ಟು ಜನ ಸೇರಿ ತನ್ನನ್ನು ಸುಮ್ಮನೆ ಹೆದರಿಸಿದರು ಎಂದು ನಕ್ಕ.

ಕಾಲು ಚಾಚಿಕೊಂಡೇ ಪಕ್ಕಕ್ಕೆ ವಾಲಿ ಉಳಿ ಇಟ್ಟ. ನಾಲ್ಕಾರು ಏಟಿಗೆ ಟೈಲು ಬಿರುಕು ಬಿಟ್ಟಿತು, ತುಂಡುಗಳನ್ನು ಎಬ್ಬಿಸಿದ. ಕೆಳಗೆ ಅಂಗೈಯಗಲದ ಜಾಗದಲ್ಲಿ ಗಾರೆ ಕೂತೇ ಇರಲಿಲ್ಲ. ಸಡಿಲ ಆಗಿದ್ದನ್ನೆಲ್ಲ ಕೆರೆದು ತೆಗೆದ. ತಾನು ಸ್ವಲ್ಪ ಸ್ವಲ್ಪವಾಗಿ ಒಲೆಯ ಕಟ್ಟೆಯಿಂದ ದೂರ ಸರಿದಿದ್ದು ಅವನ ಗಮನಕ್ಕೆ ಬರಲಿಲ್ಲ.

ಏಳಬೇಕು ಅನ್ನಿಸಿದಾಗ ಗಮನಕ್ಕೆ ಬಂತು. ಕೈ ಚಾಚಿದರೆ ಕಟ್ಟೆಯ ಅಂಚು ಎಟುಕಲಿಲ್ಲ. ಕೋಲು ಊರಿ ಬಲಗಾಲಿನ ಮೇಲೆ ಭಾರ ಹಾಕಿದ. ರಬ್ಬರ್ ಇಲ್ಲದ ಕೋಲು ನುಣುಪಾದ ನೆಲದ ಮೇಲೆ ಸರ್ರನೆ ಜಾರಿತು, ಮೇಲೆದ್ದಿದ್ದ ಒಂದು ಗೇಣೂ ಕಳೆದು ಅವನು ದಪ್ಪೆಂದು ಕೂತ. ಒಳಗೆಲ್ಲೋ ಕಟಕ್ ಅಂದಿತು.

ಜೀವ ಬಾಯಿಗೆ ಬಂತು. ಅಲುಗಾಡದೆ ಕೂತ. ಕಾಲ್ಬೆರಳು ಆಡಿಸಿ ನೋಡಿದ, ಆಡಿದವು. ನೋವು ಬರಬಹುದು ಎಂದು ಕಾದ, ಬರಲಿಲ್ಲ. ಆದರೆ ಮತ್ತೆ ಏಳುವ ಧೈರ್ಯ ಎಲ್ಲಿಂದ ತರಬೇಕು? ಫೋನು ನಡುಮನೆಯಲ್ಲಿ ಕುರ್ಚಿಯ ಮೇಲಿತ್ತು. ಕೂಗಬಹುದಿತ್ತು, ಪಕ್ಕದ ಮನೆಯವರು ಬಂದು ನೋಡುವುದನ್ನು ನೆನೆಸಿಕೊಂಡು ಬಾಯಿ ಮುಚ್ಚಿಕೊಂಡ. ಮೊದಲು ತನ್ನ ಮೇಲೆ ಸಿಟ್ಟು ಬಂತು, ಆಮೇಲೆ ಕೋಲಿನ ಮೇಲೆ, ಆಮೇಲೆ ಯಾರ ಮೇಲೂ ಬರಲಿಲ್ಲ. ಭಯ ಮಾತ್ರ ಉಳಿಯಿತು. ಕೀಲು ಜಾರಿದ್ದರೆ ಮತ್ತೆ ಆ ಆಸ್ಪತ್ರೆ, ಮತ್ತೆ ಆ ಮಂಚ, ಮತ್ತೆ ಎಲ್ಲ ಮೊದಲಿಂದ. ಕೂತಲ್ಲೇ ಕೂತು ಹೆಂಡತಿ ಬೇಗ ಬರಲಿ ಅಂತಲೂ, ಬರದೇ ಇರಲಿ ಅಂತಲೂ ಕಾದ.

ಬಂದಳು. "ರೀ," ಎಂದು ಕರೆದಳು. ಕುರ್ಚಿ ಖಾಲಿ ಇದ್ದದ್ದು ನೋಡಿ ಇನ್ನೊಮ್ಮೆ ಕರೆಯಲಿಲ್ಲ, ಸೀದಾ ಅಡುಗೆಮನೆಗೇ ಬಂದಳು. ಗುಂಡಿ ನೋಡಿದಳು, ಒಡೆದ ತುಂಡು ನೋಡಿದಳು, ಗಂಡನನ್ನು ನೋಡಿದಳು.

"ನೋವಿದ್ಯಾ?"

"ಇಲ್ಲ."

"ನಿಜ ಹೇಳಿ."

"ಇಲ್ಲ ಅಂದ್ನಲ್ಲ. ಏಳೋಕಾಗ್ತಿಲ್ಲ, ಅಷ್ಟೇ."

ಬೈಗುಳ ಬರುತ್ತದೆ ಎಂದು ಅವನು ತಲೆ ತಗ್ಗಿಸಿದ್ದ. ಬರಲಿಲ್ಲ. ಅವಳು ಚೀಲ ಕೆಳಗಿಟ್ಟು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ನಿಮ್ಮನ್ನ ಒಳಗೆ ಕರ್ಕೊಂಡು ಹೋದ್ಮೇಲೆ ಆ ಬಾಗಿಲ ಮುಂದೆ ನಾನು ಒಬ್ಳೇ ಕೂತಿದ್ದೆ ಕಣ್ರೀ," ಅಂದಳು. "ಬಾಗಿಲು ತೆರೆದಾಗಲೆಲ್ಲ ನನ್ನ ಎದೆ ಧಸಕ್ ಅಂತಿತ್ತು. ನಿಮಗೆ ಮತ್ತು ಬರಿಸಿದ್ರು, ನಿಮಗೇನು ಗೊತ್ತು. ಮತ್ತೆ ಅಲ್ಲಿ ಹೋಗಿ ಕೂರೋ ಶಕ್ತಿ ನನಗಿಲ್ಲ. ಇದನ್ನ ಎಷ್ಟು ಸಲ ಹೇಳ್ಬೇಕು ಅಂತ ಬಾಯಿಗೆ ಬಂದಿತ್ತೋ, ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ನುಂಗ್ಕೊಂಡೆ."

ರಸಮಟ್ಟ ಸುತ್ತಿಗೆ ಪಕ್ಕಕ್ಕೆ ಸರಿಸಿದ. ಅವಳ ಬೆನ್ನ ಮೇಲೆ ಕೈ ಇಟ್ಟ. ಕೈಯೆಲ್ಲ ಗಾರೆಯ ಪುಡಿ, ಅವಳ ರವಿಕೆಗೆ ಮೆತ್ತಿಕೊಂಡಿತು. ಅವಳು ಕೈ ತಳ್ಳಲಿಲ್ಲ.

ಆಮೇಲೆ ಎದ್ದು ತಮ್ಮನಿಗೆ ಫೋನ್ ಮಾಡಿದಳು, ಇನ್ನೊಂದ್ಸಲಳಿಗೂ ಮಾಡಿದಳು. ಬಾಮೈದ ಪಕ್ಕದ ಬೀದಿಯವನು, ಮೋಟರ್ ಬೈಕ್ ಹತ್ತಿ ಬಂದೇಬಿಟ್ಟ. ಕಂಕುಳಿಗೆ ಕೈ ಹಾಕಿ ಎತ್ತಲು ಹೋದವನನ್ನು ಸ್ಪೀಕರಿಗೆ ಹಾಕಿದ್ದ ಫೋನಿನಿಂದ ಇನ್ನೊಂದ್ಸಲಳ ದನಿ ತಡೆಯಿತು.

"ಯಾರೂ ಎಳೀಬೇಡಿ. ಆಪರೇಷನ್ ಆದ ಕಾಲು ನೇರ ಇರ್ಲಿ, ಪಾದ ಒಳಕ್ಕೆ ತಿರುಗ್ಬಾರ್ದು. ಅಂಕಲ್ ಹಿಂದಕ್ಕೆ ಒರಗಿ, ಎರಡು ಕೈ ಹಿಂದೆ ಊರ್ಲಿ. ಕೂತ ಜಾಗನ ಸ್ವಲ್ಪ ಸ್ವಲ್ಪವಾಗಿ ಎತ್ತರ ಮಾಡ್ತಾ ಬನ್ನಿ. ನಾನು ಹತ್ತಿರದಲ್ಲೇ ಇದ್ದೀನಿ, ಬರ್ತೀನಿ."

ಬಾಮೈದ ಒಂದು ಗಳಿಗೆ ಯೋಚಿಸಿದ. ಹಿತ್ತಲಿಗೆ ಹೋಗಿ ಹಲಗೆ, ಇಟ್ಟಿಗೆ ಹೊತ್ತು ತಂದ. ಭಾವನ ಹಿಂದೆ ಒಂದು ಹಲಗೆ ಇಟ್ಟ. ರಸಮಟ್ಟ ಕೈ ಊರಿ, ಬಲಗಾಲು ಒತ್ತಿ, ಅದರ ಮೇಲೆ ಸರಿದು ಕೂತ. ಅದರ ಹಿಂದೆ ಇಟ್ಟಿಗೆ ಜೋಡಿಸಿ ಮೇಲೆ ಇನ್ನೊಂದು ಹಲಗೆ, ಅದರ ಮೇಲೆ ಸರಿದ. ಮತ್ತೊಂದು ವರಸೆ ಇಟ್ಟಿಗೆ. ಪ್ರತಿ ಸಲವೂ ಬಾಮೈದ ಹಲಗೆಯನ್ನು ಅಂಗೈಯಿಂದ ಒತ್ತಿ, ಅಲುಗದು ಎಂದು ಗಟ್ಟಿ ಮಾಡಿಕೊಂಡೇ, "ಬನ್ನಿ ಭಾವ," ಅನ್ನುತ್ತಿದ್ದ. ಗೋಡೆ ಏಳುವ ಹಾಗೆ ರಸಮಟ್ಟ ಎದ್ದ. ಸ್ಟೂಲಿನ ಎತ್ತರಕ್ಕೆ ಬಂದ ಮೇಲೆ ಇಬ್ಬರೂ ಸೇರಿ ನಿಲ್ಲಿಸಿ, ಎತ್ತರದ ಕುರ್ಚಿಯನ್ನು ಅಡುಗೆಮನೆ ಬಾಗಿಲಿಗೇ ತಂದು ಕೂರಿಸಿದರು.

ಇನ್ನೊಂದ್ಸಲ ಬಂದು ಎರಡೂ ಕಾಲಿನ ಉದ್ದ ಹೋಲಿಸಿ ನೋಡಿದಳು, ಎತ್ತಿಸಿದಳು, ಇಳಿಸಿದಳು. "ಜಾಗದಲ್ಲೇ ಇದೆ ಅನ್ಸುತ್ತೆ. ಆದ್ರೂ ನಾಳೆ ಬೆಳಿಗ್ಗೆ ಹೋಗಿ ಎಕ್ಸ್‌ರೇ ತೆಗೆಸಿ," ಅಂದಳು. ಅವಳ ಮುಖದಲ್ಲಿ ಸಿಟ್ಟಿತ್ತು, ಆದರೆ ದನಿ ಏರಲಿಲ್ಲ.

"ತಾಯಿ, ಒಂದು ಮಾತು ಕೇಳ್ತೀನಿ," ಅಂದ ರಸಮಟ್ಟ. "ಒಂದು ವರ್ಷ ಬಿಟ್ಟು?"

"ಇಲ್ಲ ಅಂಕಲ್."

"ಎರಡು ವರ್ಷ?"

ಅವಳು ಸ್ಟೂಲು ಎಳೆದುಕೊಂಡು ಅವನ ಎದುರಿಗೆ ಕೂತಳು. "ಅಂಕಲ್, ನೀವು ಚೆನ್ನಾಗಿ ನಡೀತೀರಿ. ಮೆಟ್ಟಿಲು ಹತ್ತುತ್ತೀರಿ, ಬಸ್ಸಲ್ಲಿ ಓಡಾಡ್ತೀರಿ, ಈ ಕೋಲೂ ಬೇಕಾಗಲ್ಲ. ನೆಲಕ್ಕಿಳಿದು ಕೆಲಸ ಮಾಡೋದು ಮಾತ್ರ ಆಗಲ್ಲ. ಈಗಲೂ ಆಗಲ್ಲ, ಆಮೇಲೂ ಆಗಲ್ಲ. ಸುಳ್ಳು ಹೇಳಿ ನಿಮ್ಮನ್ನ ಸಮಾಧಾನ ಮಾಡೋದು ನನಗೆ ಇಷ್ಟ ಇಲ್ಲ."

"ಹೂಂ," ಅಂದ ರಸಮಟ್ಟ. ಡಾಕ್ಟರು ಹೇಳಿದಾಗ ಒಪ್ಪಿದ್ದ, ಆದರೆ ಕೇಳಿಸಿಕೊಂಡದ್ದು ಇವತ್ತೇ. ಅವಳು ಹೋದ ಮೇಲೆ ಅವನು ಕೋಲು ಹುಡುಕಲಿಲ್ಲ, ಕಿಟಕಿಯ ಕಡೆಯೂ ನೋಡಲಿಲ್ಲ.

ಅಷ್ಟರಲ್ಲಿ ಬಾಮೈದ ಬೈಕಿನಲ್ಲಿ ಹೋಗಿ ಸಿಮೆಂಟು ತಂದಿದ್ದ. ಅಕ್ಕ ಗುಂಡಿಯ ಮುಂದೆ ನಿಂತು ಅಡುಗೆ ಮಾಡುವುದು ಹೇಗೆ ಅಂದುಕೊಂಡು, ಯಾರನ್ನೂ ಕೇಳದೆ ಚಪ್ಪಲಿ ಬಿಟ್ಟು ಒಳಗೆ ಬಂದು ಕುಕ್ಕರಗಾಲಲ್ಲಿ ಕೂತ. ಅಷ್ಟು ಸುಲಭವಾಗಿ ಕೂತದ್ದನ್ನು ರಸಮಟ್ಟ ಕಣ್ಣು ಕೀಳದೆ ನೋಡಿದ. ಹೊಟ್ಟೆಕಿಚ್ಚೇ ಅನ್ನಿ. ಬಾಮೈದನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ನೋಡಿ, ಕಂಟ್ರಾಕ್ಟರು ಎಂದು ಕಂಡು, ಹಾಗೇ ಕಟ್ ಮಾಡಿದ. ಹೊರಗೆ ಸಂಜೆಯಾಗುತ್ತಿತ್ತು.

ಗುಂಡಿಯ ಪುಡಿ ಗುಡಿಸಿ ನೀರು ಚಿಮುಕಿಸಿದ. ಸಿಮೆಂಟು ಕಲಸಿದ, ಗುಂಡಿಗೆ ಹಾಕಿ ಕರಣೆಯಿಂದ ಹರಡಿದ. ರಸಮಟ್ಟ ಕುರ್ಚಿಯ ತೋಳು ಬಿಗಿಯಾಗಿ ಹಿಡಿದುಕೊಂಡ. ನೀರು ಜಾಸ್ತಿ ಅನ್ನಬೇಕೆಂದು ಬಾಯಿ ತೆರೆದ, ನೋಡಿದರೆ ಜಾಸ್ತಿಯಾಗಿರಲಿಲ್ಲ. ಬೇಗ ಹಾಕು ಅನ್ನಬೇಕೆಂದುಕೊಂಡ, ಅವಸರವೇನಿದೆ ಎಂದು ತಾನೇ ಸುಮ್ಮನಾದ. ಬಾಮೈದ ಟೈಲು ಎತ್ತಿ ಮಗುಚಿ, ಅದರ ಹಿಂಬದಿಗೂ ತೆಳುವಾಗಿ ಸಿಮೆಂಟು ಸವರತೊಡಗಿದ, ಮೂಲೆ ಮೂಲೆಗೂ ಬಿಡದೆ.

"ಅದನ್ನ ಯಾರು ಹೇಳ್ಕೊಟ್ರು?" ಅಂದ ರಸಮಟ್ಟ. "ನಾನು ಹಿಂದುಗಡೆ ಸವರಲ್ಲ."

"ಹೂಂ ಭಾವ," ಅಂದ ಬಾಮೈದ ತಲೆ ಎತ್ತದೆ. "ನೀವು ಸವರಲ್ಲ."

ಹೆಂಡತಿ ಒಲೆಯ ಕಡೆ ತಿರುಗಿ ನಿಂತಳು, ನಗು ಕಾಣಬಾರದೆಂದು. ರಸಮಟ್ಟನ ಮೂಗಿನ ತುದಿಯಲ್ಲೇ ಇದ್ದ ಸಿಟ್ಟು ಬರಬೇಕಿತ್ತು, ಬಂದೂ ಬಂತು, ಆದರೆ ಗುಂಡಿಯಲ್ಲಿ ಗಾರೆಯಿಲ್ಲದ ಆ ಜಾಗವನ್ನು ಅವನೇ ತನ್ನ ಕೈಯಿಂದ ಕೆರೆದಿದ್ದನಲ್ಲ. ಬಾಯಿ ಮುಚ್ಚಿಕೊಂಡು ನೋಡಿದ. ಬಾಮೈದ ಟೈಲನ್ನು ಇಟ್ಟು, ಅಂಗೈಯಿಂದ ಒತ್ತಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ನಾಲ್ಕು ಕಡೆಯೂ ಬೆರಳಾಡಿಸಿ ಅಂಚು ನೋಡಿದ. ಒಂದು ಮೂಲೆ ತುಸು ಏರಿದ್ದನ್ನು ತಾನೇ ಕಂಡುಕೊಂಡು ಇಳಿಸಿದ. ಅದು ಸಮ ಕೂತದ್ದು ಬಾಗಿಲಿನಿಂದಲೇ ರಸಮಟ್ಟನ ಕಣ್ಣಿಗೆ ಗೊತ್ತಾಯಿತು. ಇಷ್ಟು ವರ್ಷ ಈ ಕೈಗೆ ಸಂದು ತುಂಬುವ ಕೆಲಸ ಕೊಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ರೀ, ಇದನ್ನ ಯಾವಾಗ ತುಳೀಬಹುದು?" ಹೆಂಡತಿ ಅಭ್ಯಾಸದಂತೆ ಗಂಡನನ್ನೇ ಕೇಳಿದಳು.

"ಹಾಕಿದವನನ್ನ ಕೇಳು," ಅಂದ ರಸಮಟ್ಟ.

ಬಾಮೈದನ ಕೈ ನಿಂತಿತು. ಅದೇ ಹೊತ್ತಿಗೆ ಫೋನು ಮತ್ತೆ ಹೊಡೆದುಕೊಂಡಿತು. ಅವನು ಭಾವನ ಮುಖ ನೋಡಿದ.

"ತಗೋ," ಅಂದ ರಸಮಟ್ಟ. "ನಾಳಿದ್ದಿನಿಂದ ಶುರು ಮಾಡ್ತೀನಿ ಅನ್ನು. ನಾನು ಎಲ್ಲಿ ಅಂತ ಕೇಳ್ತಾರೆ. ಭಾವ ಹಾಕಲ್ಲ, ನಾನೇ ಹಾಕ್ತೀನಿ ಅನ್ನು."

ಅಕ್ಕ ತಮ್ಮನ ಜೇಬಿನಿಂದ ಫೋನು ತೆಗೆದು ಅವನ ಕಿವಿಗೆ ಹಿಡಿದಳು. ಅವನು ಹೇಳಿದ. ಆ ಕಡೆಯಿಂದ ಏನೋ ಕೇಳಿದರು. "ಹೌದು ಸಾರ್, ನಾನೇ," ಎಂದು ಮತ್ತೊಮ್ಮೆ ಹೇಳಿದ. ಮಾತು ಮುಗಿದ ಮೇಲೆ ಎದ್ದು ನಿಂತು, "ನೀವೂ ಬನ್ನಿ ಭಾವ. ಬಂದು ಕೂತಿದ್ರೆ ಸಾಕು, ನನಗೆ ಧೈರ್ಯ," ಅಂದ.

"ಬರ್ತೀನಿ. ಎಕ್ಸ್‌ರೇ ಆಗ್ಲಿ, ಆ ಹುಡುಗಿ ಹೂಂ ಅನ್ಲಿ, ಆಮೇಲೆ ಬರ್ತೀನಿ. ಬಾಗಿಲ ಹತ್ರ ನನಗೊಂದು ಕುರ್ಚಿ ಹಾಕಿರು." ರಸಮಟ್ಟ ಈಗಷ್ಟೇ ಕೂತ ಟೈಲಿನ ಕಡೆ ನೋಡಿದ. "ನಾನು ಎದ್ದು ಸಾಲಿನ ಹತ್ರ ಬಂದು ಬಗ್ಗೋಕೆ ಹೋದ್ರೆ ಆಗಿಂದಾಗ್ಲೇ ಮನೆಗೆ ಕಳಿಸ್ಬಿಡು."

"ನಾನಾ? ನಿಮ್ಮನ್ನಾ?"

"ಬೈತೀನಿ, ಕೂಗಾಡ್ತೀನಿ, ಎಲ್ಲರ ಮುಂದೆ ನಿನ್ನ ಮರ್ಯಾದೆ ತೆಗೀತೀನಿ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ. ಏನಂದ್ರೂ ಕೇಳ್ಬೇಡ. ಕಳಿಸು."

"ಅದು ಹೇಗೆ ಭಾವ, ನಾನು ನಿಮಗೆ..."

"ಅದು ನಿನ್ನ ಕೆಲಸ ಕಣೋ. ನಿನ್ನ ಕೆಲಸದ ಜಾಗದಿಂದ ನೀನು ಯಾರನ್ನ ಬೇಕಾದ್ರೂ ಕಳಿಸ್ಬಹುದು."

ಕೊನೆಯ ಮಾತಿಗೆ ರಸಮಟ್ಟನ ಕಣ್ಣು ತುಂಬಿತು. ಮುಚ್ಚಿಡುವುದಕ್ಕೆ ಹೋಗಲಿಲ್ಲ, ಇಬ್ಬರ ಎದುರಿಗೇ ಕಣ್ಣು ಒರೆಸಿಕೊಂಡ. ಬಾಮೈದ ಸಿಮೆಂಟು ಮೆತ್ತಿದ ಕೈಗಳನ್ನು ಮೈಗೆ ತಾಗದ ಹಾಗೆ ಮುಂದಕ್ಕೆ ಹಿಡಿದುಕೊಂಡು ಕುರ್ಚಿಯ ಎದುರಿಗೆ ಬಂದು ನಿಂತ.

"ಆಯ್ತು ಭಾವ," ಅಂದ ಕೊನೆಗೆ. "ಕಳಿಸ್ತೀನಿ."